ಮೂರನೇ ವಾರದ ಹಿಮ್ಮಡಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವನು ನಾನೇ.
ಹೆಸರಿಟ್ಟೆ, ಬಣ್ಣ ಆರಿಸಿದೆ, ಲಾಂಛನ ಬರೆಸಿದೆ,
ಆರು ಬೂಟು ಕಂಪನಿಗಳಿಗೆ ಅರ್ಜಿ ಹಾಕಿ
ಮಾರಿದ ಜೋಡಿಗೆ ನೂರಕ್ಕೆ ಏಳರಂತೆ
ದಲ್ಲಾಳಿ ಗೊತ್ತುಮಾಡಿಕೊಂಡೆ.
ಪರದೆಯ ತುಂಬ ಹಳದಿ ಗುಂಡಿ ಕೂರಿಸಿದೆ:
ಕೊಳ್ಳಿ, ಕೊಳ್ಳಿ, ಕೊಳ್ಳಿ.
ಅಷ್ಟು ಕೊಳ್ಳಿಯಿಟ್ಟರೂ ಒಂದೂ ಹೊತ್ತಿಕೊಳ್ಳಲಿಲ್ಲ.

ಬರೆಯುವುದೊಂದೇ ಬಾಕಿ, ಅಂದೆ ಅತ್ತೆಗೆ.

ಹೆಲ್ಯೆ ಅತ್ತೆ, ತಾರ್ತು ಊರಿನ ರಬ್ಬರು ಕಾರ್ಖಾನೆಯಲ್ಲಿ
ಇಪ್ಪತ್ತೆಂಟು ವರ್ಷ ಬೂಟಿಗೆ ಅಟ್ಟೆ ಅಂಟಿಸಿದವಳು,
ಚಹಾದೊಳಗೆ ಜಾಮು ಕದಡುತ್ತ ಕೇಳಿದಳು:
"ಯಾರು ಹಾಕಿಕೊಂಡು ನಡೆದಿದ್ದಾರೆ?"
"ಯಾರೂ ಇಲ್ಲ. ವಿವರ ಕಂಪನಿಯವರೇ ಕೊಡುತ್ತಾರೆ."
"ಹಾಗಾದರೆ ಕಂಪನಿಯವರೇ ಕೊಳ್ಳಲಿ."
ಅಂದೇ ರಾತ್ರಿ ಗುಂಡಿಗಳನ್ನೆಲ್ಲ ಕೀಳಿಸಿದಳು,
ನನ್ನ ಕೈಯಿಂದಲೇ.

ಆಮೇಲೆ ನಡೆದಳು.

ಎಡಗಾಲಿಗೆ ಒಂದು ಕಂಪನಿ, ಬಲಗಾಲಿಗೆ ಇನ್ನೊಂದು,
ಒಂದು ಹಸಿರು, ಒಂದು ಕಪ್ಪು;
ಬಸ್ಸಿನಲ್ಲಿ ಮಕ್ಕಳು ಕಿಸಕ್ಕೆಂದರೆ ತಾನೂ ನಕ್ಕಳು.
ಜೌಗಿನ ಅಂಚಿಗೆ ಇಳಿದು, ಹಲಗೆಯ ದಾರಿ ಬಿಟ್ಟು,
ಕೆಂಪು ಪಾಚಿಯ ಮೇಲೆ, ಕುಳ್ಳು ಪೈನ್ ಮರಗಳ ನಡುವೆ,
ಹೆಜ್ಜೆಯಿಟ್ಟಲ್ಲಿ ನೆಲವೇ ಉಸಿರೆಳೆದುಕೊಳ್ಳುವ ಕಡೆ.
ಬೂಟುಗಳೆಲ್ಲ ಪಿಂಚಣಿಯ ದುಡ್ಡಿನವು.
ಪುಕ್ಕಟೆ ಬಂದ ಒಂದು ಜೋಡಿಯನ್ನು
ಬಿಚ್ಚದೆ ವಾಪಸು ಕಳಿಸಿದಳು, ಅಂಚೆ ಖರ್ಚು ತಾನೇ ಕೊಟ್ಟು.

ಸಂಜೆ ಬೂಟಿನೊಳಗೆ ಹಳೆ ಪತ್ರಿಕೆ ತುರುಕುವಳು.
ಬೆಳಿಗ್ಗೆ ಆ ಪತ್ರಿಕೆಯನ್ನು ಎಳೆದು
ಹಿಟ್ಟು ತೂಗುವ ತಕ್ಕಡಿಗಿಟ್ಟು, ಒಣಗಿದ್ದಾಗಿನ ತೂಕ ಕಳೆದು,
ಬರೆಯುವಳು: ಎಡ, ಹದಿನೇಳು ಗ್ರಾಂ ನೀರು.
ಬರೆಯುವಳು: ಮೂರನೇ ವಾರ, ಮಂಗಳವಾರ,
ಹಿಮ್ಮಡಿಯ ಒಳಮಗ್ಗುಲಲ್ಲಿ ಅಂಟು ಬಾಯಿಬಿಟ್ಟಿದೆ.
ಬರೆಯುವಳು: ಇದು ಒಳ್ಳೆಯ ಬೂಟು, ನನ್ನ ಪಾದಕ್ಕಲ್ಲ;
ನನ್ನಂತೆ ಅಗಲ ಪಾದದವರು ಬೇರೆ ನೋಡಿಕೊಳ್ಳಿ.

ನವೆಂಬರಿನಲ್ಲಿ ಓದಿದವರು ಒಂಬತ್ತು ಜನ.
ನಾಲ್ಕು ಸಲ ತೆರೆದವನು ನಾನೇ.

ಚಳಿ ಸೊನ್ನೆಯ ಕೆಳಗೆ ಹತ್ತೊಂಬತ್ತಕ್ಕೆ ಇಳಿದ ದಿನ
ಹಿಯುಮಾ ದ್ವೀಪದಿಂದ ಒಂದು ಕಾಗದ.
ಲೆಯಿದಾ ಅಂತ, ಅಂಚೆ ಹಂಚುವವಳು.
"ನೀವು ಮೂರನೇ ವಾರ ಅಂದಿರಿ.
ನನ್ನದು ಎರಡನೇ ವಾರದಲ್ಲೇ ಹೋಯಿತು, ನನ್ನ ಸುತ್ತು ಉದ್ದ.
ಈಗ ಯಾವುದು ಕೊಳ್ಳಲಿ, ಹೇಳಿ."
ನಾನು ಕುರ್ಚಿಯಿಂದಲೇ ಎದ್ದುಬಿಟ್ಟೆ:
ಗಿರಾಕಿ! ಪರ್ಸು ಕೈಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ!
ಅತ್ತೆ ಬರೆದಳು:
"ನನಗಿನ್ನೂ ಗೊತ್ತಿಲ್ಲ. ಮಾರ್ಚ್ ಕಳೆಯಲಿ."
ನಾನು ಆ ರಾತ್ರಿ ಊಟ ಬಿಟ್ಟೆ.
ಅವಳು ನನ್ನ ತಟ್ಟೆಯದನ್ನೂ ಉಂಡಳು.

ಮಾರ್ಚಿಗೆ ಹಿಮ ಕರಗಿ, ಸೋಮಾದಲ್ಲಿ ಹೊಳೆ ಮೇಲೆದ್ದು,
ಹುಲ್ಲುಗಾವಲಿನ ಮೇಲೆ ದೋಣಿ ಹೋಗುವ ಕಾಲ.
ನಾವದಕ್ಕೆ ಐದನೇ ಋತು ಅನ್ನುತ್ತೇವೆ.
ಆ ನೀರಲ್ಲಿ ನಿಂತಳು, ಯಾರದೋ ಬೇಲಿಗೂಟ ಹಿಡಿದು,
ಒಂದು ಗಂಟೆ, ಎರಡು ಗಂಟೆ,
ಅರುವತ್ತೊಂಬತ್ತರ ಹೆಂಗಸು.
ಮನೆಗೆ ಬಂದು ಪತ್ರಿಕೆ ತುರುಕಿದಳು. ಬೆಳಿಗ್ಗೆ ಎಳೆದರೆ
ಗರಿಗರಿ. ಹಿಂದಿನ ವಾರದ ಪದಬಂಧ,
ತುಂಬದೆ ಬಿಟ್ಟ ಮನೆಗಳೂ ಕಾಣುವಷ್ಟು.

"ಈಗ ಹಾಕು," ಅಂದಳು. "ಒಂದೇ ಗುಂಡಿ. ಕೊಟ್ಟಕೊನೆಗೆ,
ಪೂರ್ತಿ ಓದಿದವರಿಗೆ ಮಾತ್ರ ಸಿಗುವ ಹಾಗೆ.
ಅದರ ಮೇಲೆ ಬರೆ, ಸಣ್ಣಕ್ಷರದಲ್ಲಲ್ಲ:
ನೀವು ಕೊಂಡರೆ ನನಗೆ ದುಡ್ಡು ಬರುತ್ತದೆ."
ಹಾಗೆ ಹೇಳಿದರೆ ಯಾರು ಒತ್ತುತ್ತಾರೆ, ಅಂದೆ.
ಅತ್ತೆ ಚಮಚ ನೆಕ್ಕುತ್ತಿದ್ದಳು, ಉತ್ತರ ಕೊಡಲಿಲ್ಲ.

ಲೆಯಿದಾ ಒತ್ತಿದಳು. ಎಪ್ಪತ್ತನಾಲ್ಕು ಯೂರೋ ಬೂಟು;
ನಮ್ಮ ಪಾಲು ಐದು ಯೂರೋ ಹದಿನೆಂಟು ಸೆಂಟು.
ಜೌಗಿಗೆ ಹೋಗಿಬರುವ ಬಸ್ಸಿಗೂ ಸಾಲದು, ಎಂದು ನಕ್ಕು
ಅತ್ತೆ ಮತ್ತೆರಡು ಪೆಟ್ಟಿಗೆ ಬಿಚ್ಚಿದಳು.

ಈ ಸಲ ಒಂದು ಪಾದ ನನ್ನದು.
ಎಡಕ್ಕೆ ಕಂದು, ಬಲಕ್ಕೆ ನೀಲಿ; ಮೊಣಕಾಲವರೆಗೆ ಕೆಸರು;
ಬಸ್ಸಿನಲ್ಲಿ ಮಕ್ಕಳು ಕಿಸಕ್ಕೆಂದರು.
ಬೆಳಿಗ್ಗೆ ತಕ್ಕಡಿಗಿಟ್ಟೆ:
ಬಲ, ನಲವತ್ತೊಂದು ಗ್ರಾಂ ನೀರು.
ಬರೆದುಕೊಂಡೆ.