ಸಹಜ ಸವೆತ

ಕೋರ್ಟಿನೆದುರು ಹೊಂಗೆಮರದ ಕೆಳಗೆ
ಇಪ್ಪತ್ತೆರಡು ವರ್ಷ ಕರಾರು ಟೈಪು ಮಾಡಿದವಳು ನಾನು.
ಭೋಗ್ಯವೆಂದರೇನು, ಕ್ರಯವೆಂದರೇನು,
ನನ್ನ ಬೆರಳುಗಳಿಗೆ ಬಾಯಿಪಾಠ.
ಆದರೂ ಬಿ.ಎಂ. ರಸ್ತೆಯ ಶೋರೂಮಿನಲ್ಲಿ
ಆ ಹುಡುಗ, ನಿಶ್ಚಲ್ ಅಂತ ಹೆಸರು,
ಗಾಜಿನ ಮೇಜಿನ ಮೇಲೆ ಎರಡು ಹಾಳೆ ಪಕ್ಕಪಕ್ಕ ಇಟ್ಟಾಗ
ಓದು ಬಾರದವಳ ಹಾಗೆ ಕೂತೆ.

ಅವನು ಮೊದಲು ನೋಡಿದ್ದು ಎರಡೂ ಕಾಲಿನ ಕ್ಯಾಲಿಪರ್.
ಆಮೇಲೆ ನನ್ನ ತಮ್ಮ ಸ್ಯಾಮ್ಯುಯೆಲನ ಕಡೆ ತಿರುಗಿ
'ಓಡಿಸೋದು ನೀವಾ ಸರ್?' ಅಂದ.
ತಮ್ಮನಿಗೆ ಸೈಕಲ್ಲೂ ಬರುವುದಿಲ್ಲ.

ಭೋಗ್ಯ ಸಿಹಿಯಾಗಿತ್ತು, ಸುಳ್ಳು ಹೇಳಬಾರದು.
ಮೂರು ವರ್ಷ. ತಿಂಗಳಿಗಿಷ್ಟು. ವಿಮೆ, ರಿಪೇರಿ ಎಲ್ಲ ಅವರದೇ.
ಜೊತೆಗೆ ಡಾಕ್ಟರು ಹೇಳಿದ್ದುಂಟು:
ನಲವತ್ತೇಳು ವರ್ಷ ಕಾಲಿನ ಕೆಲಸವನ್ನೂ ಮಾಡಿದ ಭುಜ ಇದು,
ಇನ್ನೆಷ್ಟು ದಿನ ಸ್ಟೇರಿಂಗ್ ತಿರುಗಿಸುತ್ತೋ ಗ್ಯಾರಂಟಿ ಕೊಡಲಾರೆ.
ಗ್ಯಾರಂಟಿ ಇಲ್ಲದ ಭುಜವನ್ನು ನಂಬಿ
ಏಳು ವರ್ಷದ ಸಾಲ ಮಾಡುವುದೆ?
ಕೈ ಸೋತ ದಿನ ಕೀಲಿ ಮೇಜಿನ ಮೇಲಿಟ್ಟು
ಬಾಗಿಲು ಎಳೆದುಕೊಂಡು ಬಂದುಬಿಡಬಹುದು.

ಹನ್ನೊಂದನೇ ಕಲಮಿಗೆ ಬಂದೆ.
'ಸದರಿ ವಾಹನಕ್ಕೆ ಯಾವುದೇ ರಂಧ್ರ ಕೊರೆಯತಕ್ಕದ್ದಲ್ಲ.
ಸಹಜ ಸವೆತ ಹೊರತುಪಡಿಸಿ
ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸತಕ್ಕದ್ದು.'

ನನಗೆ ಬೇಕಿದ್ದುದು ನಾಲ್ಕೇ ತೂತು.
ಸ್ಟೇರಿಂಗಿನ ಕೆಳಗೆ ಎರಡು, ಪೆಡಲಿನ ಪಕ್ಕ ಎರಡು.
ಇಂಡಸ್ಟ್ರಿಯಲ್ ಏರಿಯಾದ ಮುಷ್ತಾಕ್ ಸಾಬರು
ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದರು:
ಈ ಸರಳು ತಳ್ಳಿದರೆ ಬ್ರೇಕು, ಎಳೆದರೆ ವೇಗ,
ಕಾಲಿಗೆ ರಜೆ.

ನಿಶ್ಚಲ್ ಪಾಪ, ಅಲ್ಲೇ ಫೋನು ಹಚ್ಚಿ ಕೇಳಿದ.
'ಆಗಲ್ವಂತೆ ಮೇಡಂ. ತೂತು ಬಿದ್ರೆ ಡ್ಯಾಮೇಜ್ ಅಂತೆ.'

ಡ್ಯಾಮೇಜ್.
ಬಾಡಿಗೆಮನೆಯ ಬಚ್ಚಲಿಗೆ ಒಂದು ಹಿಡಿಕೆ ಹಾಕಿಸುತ್ತೇನೆಂದಾಗ
ಓನರ್ ಗಂಗಾಮಣಿಯಮ್ಮ ಟೈಲ್ಸ್ ಸೀಳುತ್ತೆ ಅಂದಿದ್ದರು.
ಹತ್ತು ವರ್ಷ ನಲ್ಲಿ ಹಿಡಿದು ಎದ್ದೆ.
ನಲ್ಲಿ ಸಡಿಲಾಯಿತು. ಅಡ್ವಾನ್ಸಿನಲ್ಲಿ ಅದನ್ನೂ ಮುರಿದುಕೊಂಡರು.
ಸಹಜ ಸವೆತವೆಂದು ವಾದಿಸಲಿಲ್ಲ ನಾನು.
ಸಹಜ ಅಂದರೆ ಯಾರ ಮೈಯ ಅಳತೆ
ಅನ್ನುವುದನ್ನು ಕರಾರಿನಲ್ಲಿ ಬರೆದಿರುವುದಿಲ್ಲ.

ದೇಹ ಒಂದು ಗುಡಾರ ಅಂತಾರೆ ಭಾನುವಾರ ಪಾಸ್ಟರು.
ಇರಲಿ. ಗುಡಾರಕ್ಕೂ ಗೂಟ ಬೇಕು,
ಗೂಟಕ್ಕೆ ನೆಲದಲ್ಲೊಂದು ತೂತು.

ರಾತ್ರಿ ನಿದ್ದೆ ಬಿಟ್ಟು ಲೆಕ್ಕ ಹಾಕಿದೆ.
ಸರ್ಟಿಫಿಕೇಟು ತಂದರೆ ತೆರಿಗೆ ಅಷ್ಟಿಷ್ಟು ಇಳಿದೀತು,
ಆ ಸರ್ಟಿಫಿಕೇಟಿಗೆ ಆಸ್ಪತ್ರೆಯ ಮೆಟ್ಟಿಲು ಮೂರು ಸಲ
(ಇಳಿಜಾರಿದೆ, ಅದರ ಬಾಯಿಗೆ ಬೈಕು ನಿಲ್ಲಿಸಿರುತ್ತಾರೆ).
ಉಳಿದದ್ದಕ್ಕೆ ಸೊಸೈಟಿಯಲ್ಲಿ ಮುಪ್ಪಿಗೆಂದು ಇಟ್ಟದ್ದು.
ಸಾವಿರ ಸಲ ಬಡಿದ ಸಾಲು ಬೆರಳ ತುದಿಗೆ ಬಂತು:
'ಪುತ್ರ ಪೌತ್ರ ಪಾರಂಪರ್ಯವಾಗಿ, ಆಚಂದ್ರಾರ್ಕವಾಗಿ,
ಸುಖವಾಗಿ ಅನುಭವಿಸಿಕೊಂಡು ಬರತಕ್ಕದ್ದು.'
ಪುತ್ರರಿಲ್ಲ. ಚಂದ್ರ ಸೂರ್ಯರ ತನಕ ಈ ಭುಜ ತಾಳುವುದೂ ಇಲ್ಲ.
ಸಾಲಗಾಮೆ ರಸ್ತೆಯಲ್ಲಿ
ಆಲೂಗೆಡ್ಡೆ ಲಾರಿಯ ಹಿಂದೆ ಸಿಕ್ಕಿಕೊಂಡು
ಎಲ್ಲರ ಹಾಗೆ ಬೈದುಕೊಂಡು
ಒಂದು ಸಲ ಹಾರ್ನ್ ಹೊಡೆಯುವ ತನಕ ತಾಳಲಿ.

ಸಾಬರು ಡ್ರಿಲ್ಲು ಹಿಡಿದು ನನ್ನ ಮುಖ ನೋಡಿದರು.
'ಹೊಸಾ ಗಾಡಿ ಮೇಡಂ. ತೂತು ಬಿದ್ರೆ ಬಿತ್ತು.'
ಕೊರೀರಿ ಅಂದೆ.

ಕಬ್ಬಿಣದ ಸುರುಳಿ, ಎಳೆಯ ಬಳ್ಳಿಯಷ್ಟು ತೆಳ್ಳಗೆ,
ಬಿಸಿಬಿಸಿ ಉದುರಿತು ಮ್ಯಾಟಿನ ಮೇಲೆ.
ಊದಲು ಬಗ್ಗಿದರು ಅವರು.
ಬೇಡ, ಇರಲಿ ಅಂದೆ.
ಇನ್ನೂ ಮೂರಿವೆ.