ಒಂಬತ್ತು ದಿನದ ಟಿಕೆಟ್

ಇಪ್ಪತ್ತಮೂರು ವರ್ಷ ಊರ ಹೆಸರು ಕೂಗಿದವಳು ನಾನು.
ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಒಳಗೆ ನಡೀರಿ,
ಎಲ್ಲಿಗೆ, ಎಲ್ಲಿಗೆ, ಎಂದು ಕೇಳಿ ಹರಿದು ಕೊಟ್ಟವಳು.
ನಿನಗೆಲ್ಲಿಗಮ್ಮಾ ಎಂದು
ಒಬ್ಬರೂ ಕೇಳಿರಲಿಲ್ಲ.

ಈಗ ಶಾಹೀನಾ ಕೇಳುತ್ತಾಳೆ.
ಜಿಲ್ಲಾಸ್ಪತ್ರೆಯ ಹೆರಿಗೆ ವಾರ್ಡಿನಿಂದ ಮೊನ್ನೆ ಬಿಡುಗಡೆಯಾದವಳು,
ರಂಗಯ್ಯನಬಾಗಿಲ ಹತ್ತಿರದ ಮಂಡಕ್ಕಿ ಅಂಗಡಿಯಲ್ಲಿ
ಅಲ್ಬೇನಿಯಾವನ್ನು ಬಿಡಿಸಿ ಹಾಸುತ್ತಾಳೆ
ಮೂಲೆಗೊಂದು ತಟ್ಟೆ, ಲೋಟ, ಉಪ್ಪಿನ ಡಬ್ಬಿ ಹೇರಿ.
ನಮ್ಮ ಜಿಲ್ಲೆಯ ಮೂರೂವರೆಯಷ್ಟು ದೇಶ.
ಇಬ್ಬರ ಚೀಟಿ ದುಡ್ಡಿಗೆ ಬರುವುದು ಒಂಬತ್ತೇ ದಿನ.
ಅಷ್ಟು ಸಣ್ಣ ದೇಶವೂ ಒಮ್ಮೆಲೇ ದೊಡ್ಡದಾಯಿತು.

ದಕ್ಷಿಣಕ್ಕೆ ಕಡಲು ಕಣೇ, ತಳದ ಹರಳು ಎಣಿಸಬಹುದಂತೆ.
ನಿನಗೆ ಈಜು ಬರುತ್ತಾ?
ಇಲ್ಲ. ಎಣಿಸೋಕೆ ಬರುತ್ತೆ.

ಉತ್ತರಕ್ಕೆ ಬೆಟ್ಟ, ಬೇಸಿಗೆಯಲ್ಲೂ ನೆತ್ತಿಯ ಹಿಮ ಕರಗದಂತೆ,
ಆ ಕಣಿವೆಗೆ ದಿನಕ್ಕೊಂದೇ ವ್ಯಾನು.
ದಿನಕ್ಕೊಂದೇ ಗಾಡಿ ಎಂದರೇನೆಂದು ನನಗೆ ಗೊತ್ತು,
ತಪ್ಪಿಸಿಕೊಂಡವರ ಮುಖ ಹಿಂದಿನ ಗಾಜಿನಲ್ಲಿ ಕಂಡಿದ್ದೇನೆ.
ಶಾಹೀನಾ ಮಾತಾಡದೆ ಮಂಡಿ ಒತ್ತಿಕೊಂಡಳು.

ನಡುವೆ ಒಂದು ಕಲ್ಲಿನ ಊರು.
ಗುಡ್ಡದ ಮೇಲೆ ಕೋಟೆ, ಕಲ್ಲಿನ ಬೀದಿ,
ಮನೆಯ ಮಾಡಿಗೂ ಕಲ್ಲೇ ಹೊದಿಸಿದ್ದಾರಂತೆ.
ಇಬ್ಬರೂ ಕತ್ತೆತ್ತಿ ಮೇಲೆ ನೋಡಿ
ಮಂಡಕ್ಕಿ ನೆತ್ತಿಗೇರುವಷ್ಟು ನಕ್ಕೆವು.
ದುರ್ಗದವರು ಕಲ್ಲು ನೋಡೋಕೆ ವಿಮಾನ ಹತ್ತಬೇಕೇ!

ಅಷ್ಟರಲ್ಲಿ ತಿಪ್ಪೇರುದ್ರನ ಮಿರ್ಚಿಯಿಂದ ಒಂದು ಹನಿ
ಹೆಸರೇ ಇಲ್ಲದ ಜಾಗಕ್ಕೆ ಬಿದ್ದು
ಕಾಗದದಾಚೆ ಮೇಜಿನ ಗೆರೆ ಕಂಡಿತು.
ದೈವವೇ ತೋರಿಸ್ತು ನೋಡ್ರಕ್ಕ, ಎಂದ.
ಎಣ್ಣೆ ಬಿದ್ದಲ್ಲೆಲ್ಲ ಇಳಿಯೋ ಹಾಗಿದ್ದರೆ, ತಮ್ಮಾ,
ನನ್ನ ಬಸ್ಸು ಬೋರನಹಳ್ಳಿ ದಾಟುತ್ತಿರಲಿಲ್ಲ.

ಟೀ ಆರಿತು.
ಈ ಕೋಟೆಯ ಬುಡದಲ್ಲಿ ಬಸ್ಸು ತಿರುಗಿಸಿದ್ದು ಸಾವಿರಾರು ಸಲ,
ಹತ್ತಿದ್ದು ಎರಡೇ ಸಲ.
ಶಾಲೆಯಲ್ಲಿದ್ದಾಗೊಮ್ಮೆ, ಆಮೇಲೆ
ಸಿಕ್ಕಿದ ಪರ್ಸು ವಾಪಸು ಕೊಡಲು ಯಾರನ್ನೋ ಹುಡುಕಿಕೊಂಡು.
ಏದುಸಿರು ಬಿಡುತ್ತ ಮೇಲೆ ನಿಂತರೆ
ಕೆಳಗೆ ಕಂಡದ್ದು ನಮ್ಮ ಡಿಪೋ,
ಅಲ್ಲಿಂದಲೂ ಓದಬಲ್ಲ ಹಾಗಿದ್ದ ಬೋರ್ಡು.
ಕಲ್ಲು ಅದೇ ಇರಲಿ.
ಹತ್ತಿ ನಿಂತಾಗ ಕೆಳಗಿನ ಒಂದು ಬಸ್ಸೂ
ಎಲ್ಲಿಗೆ ಹೊರಟಿದೆಯೆಂದು ನನಗೆ ಗೊತ್ತಾಗಬಾರದು.

ಇದನ್ನು ಬಾಯಿಬಿಟ್ಟು ಹೇಳಲಿಲ್ಲ.
ಅವಳು ನಕ್ಷೆ ಮಡಚುತ್ತ ಹೇಳುತ್ತಿದ್ದಳು,
ಆ ಜನ ತಲೆಯನ್ನು ಮೇಲೆ ಕೆಳಗೆ ಆಡಿಸಿದರೆ ಇಲ್ಲವಂತೆ,
ಅಡ್ಡ ಆಡಿಸಿದರೆ ಹೌದಂತೆ, ಗೊತ್ತೇನೆ?
ಹಾಗಾದರೆ ಎಲ್ಲಿಗೆ? ಆ ಕಲ್ಲೂರಿಗಾ?

ನಾನು ಅಡ್ಡ ತಲೆಯಾಡಿಸಿದೆ.
ಅಯ್ಯೋ, ಬೇಡವಾದರೆ ಬಿಡು ಮಾರಾಯ್ತಿ, ಎಂದು
ಮತ್ತೆ ಕಡಲಿನ ಮಾತು ತೆಗೆದಳು.