ಸಂಖ್ಯೆ, ಶೀರ್ಷಿಕೆ

ಅರಸೀಕೆರೆ, ಬಿ.ಎಚ್. ರಸ್ತೆ, ಹಯಾತ್ ಸ್ಟುಡಿಯೋದ ಅಟ್ಟ.
ಎರಡು ಟ್ರಂಕು, ಆರು ಸಾವಿರ ಚಿಲ್ಲರೆ ನೆಗೆಟಿವ್,
ಒಂದೊಂದು ಲಕೋಟೆಗೂ ಒಂದು ನಂಬರು,
ನಂಬರಿನ ಮುಂದೆ ಸಾಬರ ಕೈಬರಹ:
‘ಗಂಡಸಿ ಮದುವೆ, ಹೆಣ್ಣಿನ ಕಡೆಯವರು’
‘ರೈಲ್ವೆ ಗಾರ್ಡು, ಟೋಪಿ ಸಮೇತ’
‘ಬಾಣಾವರದ ಅವಳಿ, ಒಂದು ಅಳುತ್ತಿದೆ’

ಎಲ್ಲವನ್ನೂ ತೆರೆಯ ಮೇಲೆ ತರಬೇಕು.
ನನ್ನ ಕೋಡು ನಾಲ್ಕೇ ಸಾಲು:
ಇರುವ ಪ್ರತಿಯೊಂದಕ್ಕೂ
ಜೋಡಿ ಪುಷ್ಪಾವರಣದೊಳಗೆ ಸಂಖ್ಯೆ,
ಇನ್ನೊಂದು ಜೋಡಿಯೊಳಗೆ ಶೀರ್ಷಿಕೆ,
ಮುಗಿಯಿತು.

ಹಯಾತ್ ಸಾಬರು ಕನ್ನಡಕ ಒರೆಸಿಕೊಂಡು ಬಗ್ಗಿದರು.
‘ಚಕ್ಕುಲಿ ಒತ್ತು ಇದ್ದಂಗೈತೆ.
ಹಿಟ್ಟು ಯಾರದಾದ್ರೂ ಅದಕ್ಕೇನು.’

ಮೊದಲ ಸಲ ಓಡಿಸಿದಾಗ
ಒಂದರ ಕೆಳಗೆ ಹತ್ತು ಬಂತು, ಹತ್ತರ ಕೆಳಗೆ ನೂರು,
ಎರಡು ಎಲ್ಲೋ ಸಾವಿರದಾಚೆ.
ಅಂಕಿಯನ್ನು ಅಕ್ಷರವೆಂದು ಓದಿತ್ತು ಯಂತ್ರ.
ಸಾಬರು ನಕ್ಕರು, ‘ಮದುವೆ ಗ್ರೂಪ್ ಫೋಟೋ!
ಕುಳ್ಳರನ್ನ ಹಿಂದೆ ನಿಲ್ಲಿಸಿಬಿಟ್ಟಿದ್ದೀಯ.’

ಸರಿಪಡಿಸಿದೆ. ಆಮೇಲೆ ಕಂಡವು ಖಾಲಿಗಳು.
೩೩೧೬, ಮುಂದೆ ಏನಿಲ್ಲ.
೩೩೪೦, ಏನಿಲ್ಲ.
ಇಂಥವು ಇನ್ನೂರರ ಮೇಲೆ.
ಐದನೇ ಸಾಲು ಸೇರಿಸಿದೆ:
ಇಲ್ಲದಿದ್ದರೆ ‘ಶೀರ್ಷಿಕೆ ಇಲ್ಲ’ ಎಂದು ತೋರಿಸು.

‘ಅದು ಬ್ಯಾಡಮ್ಮ,’ ಅಂದರು.
‘ಅಡ್ವಾನ್ಸ್ ಕೊಟ್ಟು, ತಲೆ ಬಾಚಿಕೊಂಡು,
ಉಸಿರು ಬಿಗಿಹಿಡಿದು ಕೂತೋರು ಅವರು.
ಫೋಟೋ ಒಯ್ಯೋಕೆ ಬರಲಿಲ್ಲ, ಅಷ್ಟೇ.
ಬಂದಾಗ ಹೆಸರು ಕೇಳಿ ಬರಕಳ್ಳೋಣ ಅಂತ
ಜಾಗ ಬಿಟ್ಟಿದ್ದೆ.’

ಐದನೇ ಸಾಲು ಅಳಿಸಿದೆ.
ಟೆಂಪ್ಲೇಟು ಖಾಲಿಯನ್ನು ಖಾಲಿಯಾಗಿಯೇ ತೋರಿಸಿತು,
ಅದಕ್ಕೆ ಬೇಸರವೂ ಇಲ್ಲ, ಕುತೂಹಲವೂ ಇಲ್ಲ.

ಯುಗಾದಿಗೆ ಮುಂಚೆ, ಒಂದು ಮಂಗಳವಾರ,
ಕಣಕಟ್ಟೆಯಿಂದ ಬಂದಳು ಒಬ್ಬ ಹೆಂಗಸು, ನಿಂಗಮ್ಮಣ್ಣಿ.
ಎಲೆಅಡಿಕೆ ಚೀಲದಿಂದ ತೆಗೆದದ್ದು
ನಾಲ್ಕು ಮಡಿಕೆಯ ರಸೀದಿ.
ಊರಿಲ್ಲ, ಹೆಸರಿಲ್ಲ, ತಾರೀಖು ಬೆವರಿಗೆ ಹೋಗಿದೆ.
ನಂಬರು ಮಾತ್ರ: ೩೩೧೬.

ಒತ್ತಿದೆ. ತೆರೆಯಲ್ಲಿ ಒಬ್ಬ ಹುಡುಗ,
ನೆಗೆಟಿವ್ ತಿರುಗಿಸಿದಾಗ ಬೆಳ್ಳಗಾದ ಅಂಗಿ,
ಸೊಂಟಕ್ಕಿಂತ ದೊಡ್ಡ ಬಕಲು.
ಅವಳು ಅಳಲಿಲ್ಲ. ಬಕಲನ್ನೇ ಬೆರಳಿನಿಂದ ಮುಟ್ಟಿದಳು,
ಪರದೆಯ ಮೇಲೆ ಸುಣ್ಣದ ಗುರುತು ಉಳಿಯಿತು.

‘ಏನಂತ ಬರೀಲಿ?’ ಅಂದೆ.
‘ನಮ್ಮಣ್ಣ, ಚಂದ್ರನ ಬೆಲ್ಟ್ ಕೇಳಿ ಇಸ್ಕೊಂಡು
ಹಾಕ್ಕೊಂಡಿದ್ದು, ವಾಪಸ್ ಕೊಟ್ಟವ್ನೆ, ಅಂತ ಬರಿ.’
‘ಹೆಸರು?’
‘ಅದನ್ನೂ ಬೇಕಾದ್ರೆ ಬರಿ. ಆದ್ರೆ
ವಾಪಸ್ ಕೊಟ್ಟಿದ್ದು ಬಿಡಬ್ಯಾಡ.’

ಹಾಗೇ ಹಾಕಿದೆ.
ಶೀರ್ಷಿಕೆ ಉದ್ದವಾಗಿ ಅಂಕಣ ದಾಟಿತು,
ಪಕ್ಕದ ೩೩೧೭ರ ಗಾರ್ಡಿನ ಟೋಪಿಯ ಮೇಲೆ
‘ಕೊಟ್ಟವ್ನೆ’ ಹೋಗಿ ಕೂತಿತು.
ಅಗಲ ಹೆಚ್ಚಿಸಲು ಒಂದೇ ಸಾಲು ಸಾಕು.
ನಾಳೆ ಬರೆಯೋಣ ಅಂತಿದ್ದೇನೆ,
ಮೂರು ತಿಂಗಳಿಂದ.